ಬಾಡಿಗೆಯ ನೆರಳು

ಕರ್ನಾಟಕದಲ್ಲಿ ಯುಗಾದಿಯಿಂದ ಆಷಾಢ ಹಿಡಿಯುವವರೆಗಿನ ಸುಮಾರು ಮೂರು ತಿಂಗಳು ಬಿಸಿಲಿನ ಕಾಲವೂ ಹೌದು, ಶುಭಕಾರ್ಯಗಳ ಕಾಲವೂ ಹೌದು. ಸುಗ್ಗಿ ಮುಗಿದು ಕಣ ಖಾಲಿಯಾಗಿರುವ, ಮಕ್ಕಳಿಗೆ ಶಾಲೆಯ ರಜೆಯಿರುವ, ಮುಂಗಾರಿನ ಬಿತ್ತನೆಗೆ ಇನ್ನೂ ಹೊತ್ತಿರುವ ಈ ಬಿಡುವಿನಲ್ಲಿಯೇ ಮದುವೆ, ಉಪನಯನ, ಗೃಹಪ್ರವೇಶ, ಊರಹಬ್ಬ, ಜಾತ್ರೆಗಳು ಒಂದರ ಬೆನ್ನಿಗೊಂದು ಬರುತ್ತವೆ. ಮನೆಯ ಮಾಡು ಹತ್ತು ಮಂದಿಗೆ ಸಾಕಾಗುವಂಥದ್ದು, ಕಾರ್ಯಕ್ಕೆ ಬರುವವರು ಐನೂರು ಮಂದಿ. ಆದ್ದರಿಂದ ಅಂಗಳವೋ ಬೀದಿಯೋ ಕಣವೋ ಶಾಲೆಯ ಮೈದಾನವೋ ಎರಡು ದಿನದ ಮಟ್ಟಿಗೆ ಮನೆಯಾಗಬೇಕಾಗುತ್ತದೆ. ಆ ಎರಡು ದಿನದ ಮನೆಗೆ ಹೊದಿಸುವ ಮಾಡು ಹಿಂದೆ ಊರವರ ಕೈಯಿಂದ ಕಟ್ಟಲ್ಪಡುತ್ತಿತ್ತು, ಇಂದು ಬಹುಪಾಲು ಬಾಡಿಗೆಗೆ ಬರುತ್ತದೆ. ಈ ಬದಲಾವಣೆಯಲ್ಲಿ ಗಳಿಸಿದ್ದೆಷ್ಟು, ಮರೆತದ್ದೆಷ್ಟು, ಬಾಡಿಗೆಗೆ ತರುವವರು ಯಾವುದನ್ನು ಗಮನಿಸಬೇಕು ಎಂಬುದು ಈ ಭಾಷಣದ ವಿಷಯ.

ಇಂಥ ತಾತ್ಕಾಲಿಕ ಮಾಡಿಗೆ ಕನ್ನಡ ನಾಡಿನಲ್ಲಿ ಒಂದೇ ಹೆಸರಿಲ್ಲ. ಮೈಸೂರು ಸೀಮೆಯಲ್ಲಿ ಅದು ಚಪ್ಪರ, ಧಾರವಾಡ ಮತ್ತು ಕಲಬುರಗಿಗಳ ಕಡೆ ಹಂದರ, ತುಳುವಿನಲ್ಲಿ ದೊಂಪ. ಬಟ್ಟೆಯದಾದರೆ ಶಾಮಿಯಾನ, ನಾಲ್ಕೂ ಕಡೆ ಮುಚ್ಚಿದ್ದಾದರೆ ಡೇರೆ ಅಥವಾ ಗುಡಾರ, ಸಭೆಗೆಂದು ಹಾಕಿದ ದೊಡ್ಡದಾದರೆ ಪೆಂಡಾಲ್. ಇವುಗಳಲ್ಲಿ ಹಂದರ ಮತ್ತು ಪೆಂಡಾಲ್ ಒಂದೇ ಬೇರಿನ ಶಬ್ದಗಳೆಂಬುದು ಮೇಲುನೋಟಕ್ಕೆ ತಿಳಿಯುವುದಿಲ್ಲ. ಹಳಗನ್ನಡದ ಪಾಲ್ ಹಾಲಾದಂತೆ, ಪೂ ಹೂವಾದಂತೆ, ಪಂದರ್ ಎಂಬುದು ಹಂದರವಾಯಿತು; ಅದೇ ಶಬ್ದದ ತಮಿಳು ರೂಪವಾದ ಪಂದಲ್ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಪೆಂಡಾಲ್ ಎಂದು ಉಚ್ಚಾರ ಬದಲಿಸಿಕೊಂಡು ಕನ್ನಡಕ್ಕೆ ಬಂದಿತು. ಶಾಮಿಯಾನ ಎಂಬುದು ಪಾರಸಿ ಶಬ್ದ. ಬದಿಗೆ ಗೋಡೆಯಂತೆ ಕಟ್ಟುವ ಪರದೆಗೆ ಹೇಳುವ ಕನಾತು ಎಂಬ ಹೆಸರೂ ಆ ದಾರಿಯಲ್ಲಿಯೇ ಬಂದದ್ದು. ಹೆಸರುಗಳ ಈ ಎರಡು ಕವಲುಗಳು ವಸ್ತುವಿನ ಎರಡು ಪರಂಪರೆಗಳನ್ನೂ ಸೂಚಿಸುತ್ತವೆ. ಒಂದು, ಸೊಪ್ಪು, ಗರಿ, ಬಿದಿರುಗಳಿಂದ ಸ್ಥಳದಲ್ಲಿಯೇ ಕಟ್ಟಿ ಕಾರ್ಯ ಮುಗಿದ ಮೇಲೆ ಬಿಚ್ಚಿಹಾಕುವ ಒಕ್ಕಲು ಮನೆಯ ಚಪ್ಪರ. ಇನ್ನೊಂದು, ಹೊಲಿದು, ಮಡಿಸಿ, ಗಾಡಿಯ ಮೇಲೆ ಹೇರಿಕೊಂಡು ಹೋಗಿ ಬೇಕಾದಲ್ಲಿ ಎತ್ತಿ ನಿಲ್ಲಿಸುವ ಪಾಳೆಯದ ಮತ್ತು ಅರಮನೆಯ ಬಟ್ಟೆ.

ಗರಿಯ ಚಪ್ಪರದ ಕೆಲಸ ಮುಹೂರ್ತಕ್ಕೆ ಹಲವು ದಿನ ಮೊದಲೇ ಆರಂಭವಾಗುತ್ತಿತ್ತು. ತೆಂಗಿನ ಗರಿಯನ್ನು ನಡುದಿಂಡಿನ ಉದ್ದಕ್ಕೂ ಎರಡಾಗಿ ಸೀಳಿ, ಕೆರೆಯಲ್ಲೋ ತೊಟ್ಟಿಯಲ್ಲೋ ನೆನೆಹಾಕಿ, ಮೆತ್ತಗಾದ ಎಲೆಗಳನ್ನು ಒಂದರ ಮೇಲೆ, ಮತ್ತೊಂದರ ಕೆಳಗೆ ಹಾಯಿಸಿ ಹೆಣೆದರೆ ಚಾಪೆಯಂಥ ತಟ್ಟಿ ಸಿದ್ಧವಾಗುತ್ತದೆ. ತುದಿ ಕವಲೊಡೆದ, ಅಂದರೆ ಕವೆಯಿರುವ ಕಂಬಗಳನ್ನು ಮೊಳದುದ್ದ ಗುಣಿಯಲ್ಲಿ ನೆಟ್ಟು, ಕವೆಯ ಮೇಲೆ ಅಡ್ಡಗಳುಗಳನ್ನು ಮಲಗಿಸಿ, ತೆಂಗಿನ ನಾರಿನ ಹುರಿಯಿಂದ ಬಿಗಿದು, ಅದರ ಮೇಲೆ ಈ ತಟ್ಟಿಗಳನ್ನು ಹಾಸುತ್ತಿದ್ದರು. ಮಲೆನಾಡಿನಲ್ಲಿ ಗರಿಯ ಬದಲು ಅಡಕೆಯ ಸೋಗೆ, ಬಿದಿರಿನ ಜೊತೆಗೆ ಅಡಕೆ ಮರವನ್ನು ಸೀಳಿದ ದಬ್ಬೆ. ಬಯಲುಸೀಮೆಯಲ್ಲಿ ಹೊಂಗೆ ಮತ್ತು ನೇರಳೆಯ ಸೊಪ್ಪು. ಇವುಗಳಲ್ಲಿ ಯಾವುದನ್ನೂ ಕೊಂಡು ತರಬೇಕಾಗಿರಲಿಲ್ಲ. ಇಂಥ ಮಾಡಿನ ಗುಣವೆಂದರೆ ಅದು ಉಸಿರಾಡುತ್ತದೆ. ಕೆಳಗೆ ಕುಳಿತವರ ಮೈಬಿಸಿಯೂ ಒಲೆಯ ಹೊಗೆಯೂ ಹೆಣಿಗೆಯ ಸಂದುಗಳಿಂದ ಮೇಲೇರಿ ಹೋಗುತ್ತವೆ. ಬಿಸಿಲು ಮಾತ್ರ ಸಣ್ಣ ಸಣ್ಣ ಚುಕ್ಕೆಗಳಾಗಿ ನೆಲಕ್ಕೆ ಬಿದ್ದು, ಹೊತ್ತು ಏರಿದಂತೆ ಹಸೆಯ ಮೇಲಿಂದ ಜಮಖಾನದ ಮೇಲಕ್ಕೆ ಸರಿಯುತ್ತದೆ.

ಚಪ್ಪರ ಬರಿಯ ನೆರಳಾಗಿರದೆ ಒಂದು ಸಂಸ್ಕಾರವೂ ಆಗಿತ್ತು. ಹಲವು ಸಮುದಾಯಗಳಲ್ಲಿ ಅತ್ತಿ, ಆಲ, ಬಸರಿಯಂಥ ಹಾಲು ಸುರಿಸುವ ಮರದ ಕೊಂಬೆಯನ್ನು ತಂದು, ಪೂಜಿಸಿ, ಮೊದಲ ಕಂಬವಾಗಿ ನೆಡುತ್ತಾರೆ. ಇದಕ್ಕೆ ಹಾಲುಗಂಬವೆಂದು ಹೆಸರು, ಉತ್ತರ ಕರ್ನಾಟಕದಲ್ಲಿ ಹಂದರಗಂಬ. ಕಡಿದರೆ ಹಾಲು ಬರುವ ಮರ ಸಂತಾನಕ್ಕೂ ಸಮೃದ್ಧಿಗೂ ಗುರುತು. ಮದುವೆಯ ಹಿಂದಿನ ದಿನಕ್ಕೆ ಇಂದಿಗೂ ಹಳೆಯ ಮೈಸೂರಿನಲ್ಲಿ ಚಪ್ಪರವೆಂದೇ ಹೆಸರಿದೆ. ಆ ದಿನ ನಂಟರು, ನೆರೆಯವರು, ಕಂಬ ನೆಟ್ಟವರು ಒಟ್ಟಿಗೆ ಕುಳಿತು ಉಣ್ಣುವುದು ಚಪ್ಪರದ ಊಟ. ಒಬ್ಬರ ಮನೆಯ ಚಪ್ಪರಕ್ಕೆ ಬಂದು ದುಡಿದವರಿಗೆ ಕೂಲಿಯ ಲೆಕ್ಕ ಇರುತ್ತಿರಲಿಲ್ಲ. ಮುಂದೆ ಅವರ ಮನೆಯ ಕಾರ್ಯಕ್ಕೆ ಇವರು ಹೋಗಿ ದುಡಿಯುವುದೇ ಅದರ ತೀರುವಳಿ. ಈ ಪರಸ್ಪರ ಋಣಕ್ಕೆ ಮುಯ್ಯಿ ಎನ್ನುತ್ತಾರೆ. ಕಂಬ ಎಲ್ಲಿ ನೆಡಬೇಕು, ಗಾಳಿ ಯಾವ ಕಡೆಯಿಂದ ನುಗ್ಗುತ್ತದೆ, ನೀರು ಎಲ್ಲಿ ನಿಲ್ಲುತ್ತದೆ ಎಂಬ ತಿಳಿವಳಿಕೆ ಆ ಅಂಗಳವನ್ನು ಬಲ್ಲ ಹತ್ತಾರು ಜನರಲ್ಲಿ ಹಂಚಿಹೋಗಿತ್ತು. ಕೆಲಸ ಬಾಡಿಗೆಯ ಅಂಗಡಿಗೆ ಹೋದಾಗ ಕೈಬಿಟ್ಟುಹೋದದ್ದು ಮುಖ್ಯವಾಗಿ ಈ ಸ್ಥಳದ ತಿಳಿವಳಿಕೆ.

ಬಟ್ಟೆಯ ಪರಂಪರೆ ಅರಮನೆಯದು. ಅಕ್ಬರನ ಆಡಳಿತವನ್ನು ವಿವರಿಸುವ ಅಬುಲ್ ಫಜಲನ ಐನ್-ಎ-ಅಕ್ಬರಿಯಲ್ಲಿ ಬಾದಶಹನ ಪಾಳೆಯದ ಗುಡಾರಗಳಿಗೆಂದೇ ಒಂದು ಭಾಗವಿದ್ದು, ಹತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಯುವ ಬಾರ್ಗಾಹ್ ಎಂಬ ಮಹಾಮಂಟಪದಿಂದ ಹಿಡಿದು ಹನ್ನೆರಡು ಗಜ ಚೌಕವನ್ನು ಮೀರದ ಶಾಮಿಯಾನದವರೆಗೆ ಒಂದೊಂದನ್ನೂ ಬೇರೆ ಬೇರೆಯಾಗಿ ಹೆಸರಿಸಿದೆ. ದಕ್ಷಿಣದಲ್ಲಿಯೂ ಹಬ್ಬಕ್ಕೆಂದು ತಾತ್ಕಾಲಿಕ ಮಂಟಪಗಳನ್ನು ಎಬ್ಬಿಸುವ ಪದ್ಧತಿ ಹಳೆಯದು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಮಹಾನವಮಿಯ ಬಯಲಿನ ಸುತ್ತ ಮರದಿಂದ ಎತ್ತರವಾಗಿ ಕಟ್ಟಿ ಮಕಮಲ್ಲು ಮತ್ತು ಬೆಲೆಬಾಳುವ ಬಟ್ಟೆಗಳನ್ನು ಹೊದಿಸಿದ ಅಟ್ಟಣೆಗಳನ್ನು ವರ್ಣಿಸಿದ್ದಾನೆ. ಹಂಪೆಯಲ್ಲಿ ಇಂದು ಕಾಣುವ ಕಲ್ಲಿನ ದಿಬ್ಬ ಆ ಉತ್ಸವದ ಉಳಿದ ಭಾಗ ಮಾತ್ರ. ಅದರ ಅರ್ಧ ಸೊಬಗು ಬಟ್ಟೆಯಲ್ಲಿಯೂ ಮರದಲ್ಲಿಯೂ ಇತ್ತೆಂಬುದನ್ನು ನೋಡುವವರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಕನ್ನಡ ನಾಡಿನಿಂದ ಹೋದ ಒಂದು ಡೇರೆಯ ಕಥೆ ಇಲ್ಲಿ ಹೇಳಲೇಬೇಕಾದದ್ದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನನ ಡೇರೆಯೊಂದು ಇಂಗ್ಲಿಷರ ವಶವಾಗಿ, ಆಗ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವನ ಮನೆತನಕ್ಕೆ ಸೇರಿತು. ಈಗ ಅದು ಬ್ರಿಟನ್ನಿನ ವೇಲ್ಸ್ ಪ್ರಾಂತದ ಪೊವಿಸ್ ಕೋಟೆಯಲ್ಲಿದೆ. ಟಿಪ್ಪುವಿಗಿಂತ ಹಿಂದಿನ, ಹದಿನೆಂಟನೆಯ ಶತಮಾನದ ಮೊದಲರ್ಧದ ಚೀಟಿ ಬಟ್ಟೆ, ಅಂದರೆ ಬಣ್ಣದ ಅಚ್ಚಿನ ಹತ್ತಿ ಬಟ್ಟೆಯಿಂದ ಮಾಡಿದ ಅದರ ಒಳಮೈಯ ಪ್ರತಿಯೊಂದು ಅಂಕಣದಲ್ಲಿಯೂ ಕಮಾನಿನೊಳಗೆ ಒಂದು ಹೂದಾನಿ, ಹೂದಾನಿಯಿಂದ ಎರಡೂ ಕಡೆಗೆ ಸಮನಾಗಿ ಬಾಗಿದ ಹೂಗಳು. ರಣರಂಗದಲ್ಲಿ ಮಲಗಿದರೂ ತೋಟದಲ್ಲಿರುವಂತೆ ತೋರಬೇಕೆಂಬುದು ಮೊಗಲ್ ಶೈಲಿಯ ಈ ಡೇರೆಗಳ ಆಶಯ. ಕ್ಲೈವ್ ಮನೆತನದವರು ಇದನ್ನು ಬೇಸಿಗೆಯ ತೋಟದ ಔತಣಗಳಿಗೆ ಚಪ್ಪರವನ್ನಾಗಿ ಬಳಸಿದರು. ರಾಜ್ಯ ಕಳೆದುಕೊಂಡ ಸುಲ್ತಾನನ ಡೇರೆಯ ಕೆಳಗೆ, ಅದನ್ನು ಗೆದ್ದವರು ಅತಿಥಿಗಳನ್ನು ಕೂರಿಸಿ ಉಪಚರಿಸಿದರೆಂಬುದನ್ನು ಓದುವ ಕನ್ನಡಿಗನಿಗೆ ನೋವಾಗುವುದು ಸಹಜ. ಅಷ್ಟರ ಮೇಲೂ ಆ ಬಟ್ಟೆ ಹರಿಯದೆ, ಬಣ್ಣ ಕೆಡದೆ ಉಳಿದು ಬಂದಿರುವುದು ಭಾರತದ ನೇಕಾರರ ಮತ್ತು ಬಣ್ಣಗಾರರ ಕೈಗೆ ಸಲ್ಲಬೇಕಾದ ಗೌರವ.

ಅರಮನೆಯ ಆ ಬಟ್ಟೆ ಸಾಮಾನ್ಯರ ಅಂಗಳಕ್ಕೆ ಬಂದದ್ದು ಬಾಡಿಗೆಯ ದಾರಿಯಿಂದ. ಶಾಮಿಯಾನದ ಅಂಗಡಿಯೊಂದಿಲ್ಲದ ಹೋಬಳಿ ಕೇಂದ್ರ ಇಂದು ಸಿಗುವುದು ಕಷ್ಟ. ಬಟ್ಟೆ, ಕಂಬ, ಕುರ್ಚಿ, ಮೇಜು, ಜಮಖಾನ, ಹಂಡೆ ಕೊಳಗಗಳಿಂದ ಹಿಡಿದು ದೀಪದ ಸರ, ಜನರೇಟರಿನವರೆಗೆ ಎಲ್ಲವೂ ಅಲ್ಲಿ ದೊರೆಯುತ್ತವೆ. 2004ರ ಸೆಪ್ಟೆಂಬರಿನಲ್ಲಿ ಪೆಂಡಾಲ್ ಮತ್ತು ಶಾಮಿಯಾನ ಗುತ್ತಿಗೆದಾರರ ಸೇವೆಯನ್ನು ಕೇಂದ್ರ ಸರ್ಕಾರ ಸೇವಾತೆರಿಗೆಯ ವ್ಯಾಪ್ತಿಗೆ ತಂದದ್ದು, ಈ ಕಸುಬು ಎಷ್ಟು ದೊಡ್ಡ ಉದ್ಯಮವಾಗಿ ಬೆಳೆದಿತ್ತೆಂಬುದಕ್ಕೆ ಸಾಕ್ಷಿ. ಬಾಡಿಗೆಯಿಂದ ಆದ ಒಳಿತು ಸಣ್ಣದಲ್ಲ. ತೋಟವಿಲ್ಲದವರಿಗೂ ನೆರಳು ದೊರೆಯಿತು. ಕಲ್ಯಾಣಮಂಟಪದ ಬಾಡಿಗೆ ಕೊಡಲಾರದ ಮನೆಯವರು ತಮ್ಮ ಬಾಗಿಲಿನಲ್ಲಿಯೇ ಮಗಳ ಧಾರೆ ಎರೆಯುವಂತಾಯಿತು. 1972ರಿಂದ ನಡೆದುಬಂದಿರುವ ಧರ್ಮಸ್ಥಳದ ಸಾಮೂಹಿಕ ವಿವಾಹದಂಥ ಕಾರ್ಯಗಳಲ್ಲಿ ಒಂದೇ ಚಪ್ಪರದ ಕೆಳಗೆ ನೂರಾರು ಜೋಡಿಗಳು ಹಸೆಯೇರುತ್ತವೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಕೋಟೆ ಪ್ರೌಢಶಾಲೆಯ ಮೈದಾನದ ಪೆಂಡಾಲಿನಲ್ಲಿ ಬೇಸಿಗೆಯ ಸಂಜೆಗಳನ್ನು ತುಂಬುತ್ತ ಬಂದಿದೆ. ಗೋಡೆಯಿಲ್ಲದ ಆ ಸಭಾಂಗಣದ ಹೊರಗೆ ನಿಂತು ಕೇಳಿದವರೂ ಆ ಉತ್ಸವದ ಶ್ರೋತೃಗಳೇ.

ಇನ್ನು ಬಾಡಿಗೆಗೆ ತರುವವರು ತಿಳಿದಿರಬೇಕಾದ ಸಂಗತಿಗಳು. ಅಂಗಡಿಗೆ ಹೋಗುವ ಮೊದಲು ಆಗಬೇಕಾದ ಕೆಲಸ ಸ್ಥಳವನ್ನು ನೋಡುವುದು. ಕಾರ್ಯ ನಡೆಯುವ ಹೊತ್ತಿಗೇ ಹೋಗಿ ನೋಡಿದರೆ ಬಿಸಿಲು ಯಾವ ಬದಿಯಿಂದ ಬೀಳುತ್ತದೆ, ನೆರೆಮನೆಯ ನೆರಳು ಎಲ್ಲಿಯವರೆಗೆ ಬರುತ್ತದೆ ಎಂಬುದು ತಾನೇ ತಿಳಿಯುತ್ತದೆ. ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಆ ಜಾಗವನ್ನು ಬಿಡಬೇಕು. ಕಬ್ಬಿಣದ ಕಂಬವನ್ನು ನಿಲ್ಲಿಸುವಾಗ ಅದರ ತುದಿ ತಂತಿಗೆ ತಗುಲಿ ಪ್ರಾಣ ಹೋಗುವುದು ಈ ಕಸುಬಿನಲ್ಲಿ ಮತ್ತೆ ಮತ್ತೆ ಆಗುವ ಅನಾಹುತ. ಅಳತೆಗೆ ಒಂದು ಸರಳ ಲೆಕ್ಕವಿದೆ. ಕುರ್ಚಿ ಹಾಕಿ ಕೂರಿಸುವುದಕ್ಕೆ ತಲೆಗೆ ಸುಮಾರು ಎಂಟು ಚದರಡಿ, ಮೇಜು ಹಾಕಿ ಪಂಕ್ತಿಯಲ್ಲಿ ಬಡಿಸುವುದಕ್ಕೆ ಬಡಿಸುವವರ ಓಡಾಟವೂ ಸೇರಿ ಸುಮಾರು ಹನ್ನೆರಡು ಚದರಡಿ ಎಂದು ಹಿಡಿದರೆ, ಒಂದು ಪಂಕ್ತಿಗೆ 300 ಮಂದಿ ಉಣ್ಣುವುದಾದಲ್ಲಿ 3,600 ಚದರಡಿ, ಅಂದರೆ 20 ಅಡಿ ಚೌಕದ ಒಂಬತ್ತು ಶಾಮಿಯಾನ ಬೇಕು. ಇದಕ್ಕೆ ಅಡುಗೆಯ ಜಾಗವನ್ನು ಸೇರಿಸಕೂಡದು, ಅದು ಬೇರೆಯೇ ಇರಬೇಕು.

ಬಿಸಿಲಿಗಿಂತ ಹೆಚ್ಚಿನ ಶತ್ರು ಗಾಳಿ. ಏಪ್ರಿಲ್, ಮೇ ತಿಂಗಳುಗಳಲ್ಲಿ, ಪಂಚಾಂಗದ ಲೆಕ್ಕದಲ್ಲಿ ಅಶ್ವಿನಿಯಿಂದ ಕೃತ್ತಿಕೆಯವರೆಗಿನ ಮಳೆಗಳಲ್ಲಿ, ಬೆಳಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನ ಮೂರರ ಮೇಲೆ ಒಮ್ಮೆಲೇ ಕಪ್ಪಾಗಿ, ಮಳೆಗೆ ಮೊದಲು ಧೂಳೆಬ್ಬಿಸುವ ಬಿರುಗಾಳಿ ನುಗ್ಗುವುದು ಒಳನಾಡಿನಲ್ಲೆಲ್ಲ ಕಂಡದ್ದೇ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 6 ಕಿಲೋ ತೂಕದಷ್ಟು ಒತ್ತುತ್ತದೆ. 72 ಕಿಲೋಮೀಟರ್ ವೇಗದ ಗಾಳಿ ಸುಮಾರು 24 ಕಿಲೋದಷ್ಟು. 20 ಅಡಿ ಚೌಕದ ಬಟ್ಟೆಯ ವಿಸ್ತೀರ್ಣ 37 ಚದರ ಮೀಟರ್. ಅಂಥ ಗಾಳಿ ಅದರ ಕೆಳಗೆ ಹೊಕ್ಕು ಪೂರ್ತಿಯಾಗಿ ಮೇಲೆತ್ತಿದರೆ ಸುಮಾರು 900 ಕಿಲೋದಷ್ಟು ಬಲ ಹಗ್ಗ ಮತ್ತು ಗೂಟಗಳ ಮೇಲೆ ಬೀಳುತ್ತದೆ. ಗರಿಯ ಚಪ್ಪರದಲ್ಲಿ ಈ ಗಾಳಿಯ ಒಂದು ಪಾಲು ಸಂದುಗಳಿಂದ ಸೋರಿಹೋಗುತ್ತಿತ್ತು. ಒತ್ತಾಗಿ ನೇಯ್ದ ಬಟ್ಟೆ, ಅದಕ್ಕಿಂತ ಹೆಚ್ಚಾಗಿ ಪ್ಲಾಸ್ಟಿಕ್ ಟಾರ್ಪಾಲು, ಹಾಯಿಯಂತೆ ಅಷ್ಟನ್ನೂ ಹಿಡಿದುಕೊಳ್ಳುತ್ತದೆ.

ಆದ್ದರಿಂದ ಶಾಮಿಯಾನದ ಜೀವ ಇರುವುದು ಬಟ್ಟೆಯಲ್ಲಿ ಅಲ್ಲ, ಗೂಟದಲ್ಲಿ. ಅನುಭವಿ ಕೆಲಸಗಾರ ಗೂಟ ಹೊಡೆಯುವುದನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಕಂಬದ ಬುಡದಿಂದ ಕಂಬದ ಎತ್ತರದಷ್ಟೇ ದೂರವನ್ನು ಹೆಜ್ಜೆಯಲ್ಲಿ ಅಳೆದು, ಗೂಟದ ತಲೆ ಚಪ್ಪರಕ್ಕೆ ಬೆನ್ನು ತಿರುಗಿಸಿರುವಂತೆ ಓರೆಯಾಗಿ ಹಿಡಿದು, ಸುತ್ತಿಗೆಯ ಏಟು ಬಿದ್ದಾಗ ಹೊರಡುವ ಸದ್ದಿನಿಂದಲೇ ಕೆಳಗೆ ಮಣ್ಣಿದೆಯೋ ಮೊರಮಿದೆಯೋ ಎಂಬುದನ್ನು ಅವನು ತಿಳಿಯುತ್ತಾನೆ. ಗೂಟ ಸಲೀಸಾಗಿ ಇಳಿದರೆ ಅದನ್ನು ಕಿತ್ತು ಬೇರೆ ಕಡೆ ಹೊಡೆಯುತ್ತಾನೆ, ಏಕೆಂದರೆ ಸಲೀಸಾಗಿ ಇಳಿದದ್ದು ಸಲೀಸಾಗಿ ಮೇಲೆ ಬರುತ್ತದೆ. ಹಗ್ಗವನ್ನು ಕಟ್ಟಿದ ಮೇಲೆ ಒಮ್ಮೆ ಬೆರಳಿನಿಂದ ಮೀಟಿ, ಅದು ಸಣ್ಣಗೆ ಮಿಡಿದರೆ ಮಾತ್ರ ಮುಂದಿನ ಕಂಬಕ್ಕೆ ಹೋಗುತ್ತಾನೆ. ಕಾಂಕ್ರೀಟು ಅಥವಾ ಡಾಂಬರಿನ ರಸ್ತೆಯ ಮೇಲೆ ಇದೊಂದೂ ಸಾಧ್ಯವಿಲ್ಲ; ಅಲ್ಲಿ ನೀರು ತುಂಬಿದ ಪೀಪಾಯಿಗಳನ್ನೋ ಮರಳು ಚೀಲಗಳನ್ನೋ ಕಂಬದ ಬುಡಕ್ಕೆ ಕಟ್ಟುವುದುಂಟು. ಮೇಲೆ ಹೇಳಿದ ಬಲವನ್ನು ನೆನೆದರೆ ಎರಡು ಮರಳು ಚೀಲ ಯಾವ ಮೂಲೆಗೂ ಸಾಲದೆಂಬುದು ಸ್ಪಷ್ಟ. 2019ರ ಜೂನ್ 23ರಂದು ರಾಜಸ್ಥಾನದ ಬಾಡ್ಮೇರ್ ಜಿಲ್ಲೆಯ ಜಸೋಲಿನಲ್ಲಿ ರಾಮಕಥೆ ನಡೆಯುತ್ತಿದ್ದ ಪೆಂಡಾಲು ಬಿರುಗಾಳಿಗೆ ಕುಸಿದು, ಕಬ್ಬಿಣದ ಚೌಕಟ್ಟಿನಲ್ಲಿ ವಿದ್ಯುತ್ ಹರಿದು, ಹತ್ತಕ್ಕಿಂತ ಹೆಚ್ಚು ಮಂದಿ ಸತ್ತರು. ಗಾಳಿ ಮತ್ತು ವಿದ್ಯುತ್ ಎರಡೂ ಒಟ್ಟಿಗೆ ಬರುತ್ತವೆ ಎಂಬುದನ್ನು ಆ ದುರಂತ ತೋರಿಸಿತು.

ಮಳೆಯ ಅಪಾಯ ಗಾಳಿಯಷ್ಟು ಥಟ್ಟನೆ ಕಾಣುವುದಿಲ್ಲ. ಇಳಿಜಾರು ಸಾಲದ ಬಟ್ಟೆಯ ನಡುವೆ ನೀರು ನಿಂತು ತಗ್ಗಾಗುತ್ತದೆ, ತಗ್ಗಾದಷ್ಟೂ ಹೆಚ್ಚು ನೀರು ಅಲ್ಲಿಗೇ ಹರಿದು ಬರುತ್ತದೆ. ಎರಡು ಮೀಟರ್ ಅಗಲ, ಎರಡು ಮೀಟರ್ ಉದ್ದದ ತಗ್ಗಿನಲ್ಲಿ ಸರಾಸರಿ ಹತ್ತು ಸೆಂಟಿಮೀಟರ್ ನೀರು ನಿಂತರೆ ಅದರ ತೂಕ 400 ಕಿಲೋ. ಕೆಳಗಿನಿಂದ ಬಿದಿರ ಗಳುವಿನಿಂದ ಒತ್ತಿ ನೀರನ್ನು ಚೆಲ್ಲುವುದು ಎಲ್ಲರಿಗೂ ಪರಿಚಿತವಾದ ದೃಶ್ಯ. ಆದರೆ ಜನರನ್ನು ಆ ಜಾಗದಿಂದ ಎಬ್ಬಿಸಿದ ಮೇಲಷ್ಟೇ, ಗಳುವಿನ ತುದಿಗೆ ಬಟ್ಟೆ ಸುತ್ತಿಕೊಂಡು, ಇದನ್ನು ಮಾಡಬೇಕು. ಹತ್ತಿ ಮತ್ತು ಸೆಣಬಿನ ಹಗ್ಗ ನೆನೆದರೆ ಗಿಡ್ಡವಾಗಿ ಗೂಟವನ್ನೇ ಕೀಳುವಷ್ಟು ಎಳೆಯುತ್ತದೆ, ನೈಲಾನ್ ಹಗ್ಗ ನೆನೆದರೆ ಸಡಿಲಾಗುತ್ತದೆ. ಎರಡಕ್ಕೂ ಮಳೆಯ ನಡುವೆ ಕಾವಲಿನವನೊಬ್ಬ ಬೇಕು. ಸಿಡಿಲು ಬಡಿಯುವಾಗ ಶಾಮಿಯಾನ ಆಸರೆಯಲ್ಲವೆಂಬುದನ್ನೂ ತಿಳಿದಿರಬೇಕು. ಬಟ್ಟೆಯ ಮಾಡು ಸಿಡಿಲಿನಿಂದ ಕಾಪಾಡುವುದಿಲ್ಲ, ಲೋಹದ ಕಂಬಗಳು ಅಪಾಯವನ್ನು ಹೆಚ್ಚಿಸುತ್ತವೆ. ಪಕ್ಕದ ಶಾಲೆಯೋ ದೇವಸ್ಥಾನವೋ ಆ ಹೊತ್ತಿಗೆ ತೆರೆದಿರುವಂತೆ ಮೊದಲೇ ಮಾತಾಡಿಕೊಂಡಿರುವುದು ಜಾಣತನ. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಗಳ ಮುನ್ಸೂಚನೆಯನ್ನು ಜಿಲ್ಲಾವಾರು ಕೊಡುತ್ತದೆ. ದಾಮಿನಿ ಎಂಬ ಆ್ಯಪ್ ಹತ್ತಿರದ ಸಿಡಿಲಿನ ಸೂಚನೆ ನೀಡುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಕನ್ನಡದಲ್ಲಿಯೇ ಉತ್ತರಿಸುತ್ತದೆ. ಮುಹೂರ್ತಕ್ಕೆ ಪಂಚಾಂಗ ನೋಡುವ ಮನೆಯಲ್ಲಿ ಇವನ್ನೂ ನೋಡುವ ಹೊಣೆ ಒಬ್ಬರಿಗಿರಲಿ.

ಸೆಕೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಮಾಡು ಎತ್ತರವಿದ್ದಷ್ಟೂ, ನೆತ್ತಿಯಲ್ಲಿ ಗಾಳಿ ಹೊರಹೋಗುವ ಸಂದು ಇದ್ದಷ್ಟೂ ಒಳಗೆ ತಂಪು. ಮಳೆಗೆ ಅಂಜಿ ತಗಡಿನ ಮಾಡು ಹಾಕಿಸುವವರು ಅದರ ಕೆಳಗೆ ಒಂದೆರಡು ಅಡಿ ಅಂತರ ಬಿಟ್ಟು ಬಟ್ಟೆಯ ಒಳಮಾಡನ್ನು ಕಟ್ಟಿಸಿದರೆ, ನಡುವಿನ ಗಾಳಿ ಕಾವನ್ನು ಬಹುಮಟ್ಟಿಗೆ ತಡೆಯುತ್ತದೆ. ಕನಾತನ್ನು ಪಡುವಣ ಬಿಸಿಲಿನ ಬದಿಗೆ ಮಾತ್ರ ಕಟ್ಟಿ ಉಳಿದ ಕಡೆ ತೆರೆದಿಡುವುದು ಲೇಸು. ಅಂದಕ್ಕೆಂದು ನಾಲ್ಕೂ ಕಡೆ ಮುಚ್ಚಿಸುವುದು ಮುದುಕರಿಗೂ ಹಸುಗೂಸುಗಳಿಗೂ ಕಷ್ಟ, ಮುಂದೆ ಹೇಳುವ ಬೆಂಕಿಯ ದೃಷ್ಟಿಯಿಂದಲೂ ಕೆಡುಕು.

ಬೆಂಕಿಯ ಮಾತನ್ನು ಶುಭಕಾರ್ಯದ ಸಂದರ್ಭದಲ್ಲಿ ಎತ್ತಲು ಜನ ಹಿಂಜರಿಯುತ್ತಾರೆ, ಆದರೆ ಎತ್ತದಿರುವುದು ತಪ್ಪು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಹತ್ತಿ 92 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲೆಯೊಂದರ ವಾರ್ಷಿಕೋತ್ಸವದ ಶಾಮಿಯಾನ ಹೊತ್ತಿ ಉರಿದು 400ಕ್ಕೂ ಹೆಚ್ಚು ಮಂದಿ ಬಲಿಯಾದರು. ಕೃತಕ ನೂಲಿನ ಬಟ್ಟೆ ಕರಗಿ ಉರಿಯುತ್ತ ತಲೆಯ ಮೇಲೆ ಸುರಿಯಿತು. ಗರಿಯ ಚಪ್ಪರ ಈ ವಿಷಯದಲ್ಲಿ ನಿರಪಾಯವೆಂದು ತಿಳಿಯಬಾರದು. 2004ರ ಜನವರಿ 23ರಂದು ತಮಿಳುನಾಡಿನ ಶ್ರೀರಂಗದ ಮದುವೆ ಮಂಟಪವೊಂದರ ಮೇಲಂತಸ್ತಿನ ಗರಿಯ ಚಪ್ಪರಕ್ಕೆ ಬೆಂಕಿ ತಗುಲಿ, ಮದುಮಗನೂ ಸೇರಿ ಐವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಬೇಸಿಗೆಯಲ್ಲಿ ಒಣಗಿದ ಗರಿ ಸೌದೆಗಿಂತ ಬೇಗ ಹತ್ತಿಕೊಳ್ಳುತ್ತದೆ.

ಇಂಥವು ಆಗದಂತೆ ನೋಡಿಕೊಳ್ಳಲು ಭಾರತೀಯ ಮಾನಕ ಸಂಸ್ಥೆ ಐಎಸ್ 8758 ಎಂಬ ಸಂಖ್ಯೆಯ ಸಂಹಿತೆಯೊಂದನ್ನು, ಅಂದರೆ ತಾತ್ಕಾಲಿಕ ಕಟ್ಟಡ ಮತ್ತು ಪೆಂಡಾಲುಗಳಲ್ಲಿ ಬೆಂಕಿಯ ಮುನ್ನೆಚ್ಚರಿಕೆಯ ಕ್ರಮಗಳನ್ನು, ಪ್ರಕಟಿಸಿದೆ. ಮಾಡಿನ ಎತ್ತರ ಕನಿಷ್ಠ ಮೂರು ಮೀಟರ್ ಇರಬೇಕು, ಕೃತಕ ನೂಲಿನ ಬಟ್ಟೆ ಮತ್ತು ಹಗ್ಗ ಬಳಸಬಾರದು, ವಿದ್ಯುತ್ ತಂತಿಯ ಕೆಳಗೆ ಹಾಕಬಾರದು, ಹೊರಹೋಗುವ ದಾರಿಗಳು ಒಂದಕ್ಕಿಂತ ಹೆಚ್ಚಿದ್ದು ದೂರದೂರವಿರಬೇಕು, ಒಲೆ ಬೇರೆಯಿರಬೇಕು ಎಂಬುವು ಅಂಥ ಕ್ರಮಗಳ ತಿರುಳು. ಇವು ದೊಡ್ಡ ಸಭೆಗಳಿಗೆ ಮಾತ್ರವೆಂದು ತಿಳಿಯದೆ ಮನೆಯ ಮುಂದಿನ ಚಪ್ಪರಕ್ಕೂ ಅನ್ವಯಿಸಿಕೊಳ್ಳಬೇಕು. ದೀಪಗಳಿಗೆ ಕಂಬದ ತಂತಿಗೆ ಕೊಕ್ಕೆ ಹಾಕದೆ ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ ಪಡೆದು, ಆರ್‌ಸಿಸಿಬಿ ಎಂಬ ಸಾಧನವನ್ನು ಹಾಕಿಸಬೇಕು; 30 ಮಿಲಿ ಆಂಪಿಯರಿನಷ್ಟು ವಿದ್ಯುತ್ ಸೋರಿದರೂ ಕ್ಷಣದಲ್ಲಿ ಸಂಪರ್ಕ ಕಡಿಯುವ ಈ ಸಣ್ಣ ಪೆಟ್ಟಿಗೆಯ ಬೆಲೆ ಇಡೀ ಕಾರ್ಯದ ಖರ್ಚಿನಲ್ಲಿ ಲೆಕ್ಕಕ್ಕೇ ಬಾರದಷ್ಟು. ಹಂದರದ ಒಳಗೆ ಹೊರಗೆ ಎರಡೆರಡು ಪೀಪಾಯಿ ನೀರು, ನಾಲ್ಕು ಬಕೆಟ್ಟು ಮರಳು ಇಡುವ ಹಳೆಯ ರೂಢಿಯನ್ನು ಬಿಡಬಾರದು. ವಿದ್ಯುತ್ತಿನಿಂದ ಹತ್ತಿದ ಬೆಂಕಿಗೆ ಮಾತ್ರ ನೀರನ್ನು ಎರಚದೆ ಮೊದಲು ಸಂಪರ್ಕ ತಪ್ಪಿಸಬೇಕು.

ಕರಾರನ್ನು ಬರಹದಲ್ಲಿ ಮಾಡಿಕೊಳ್ಳುವ ಪದ್ಧತಿ ಈ ಕಸುಬಿನಲ್ಲಿ ಇನ್ನೂ ಸಾಲದು. ಮುಂಗಡ ಎಷ್ಟು, ಸಾಗಾಟದ ಬಾಡಿಗೆ ಸೇರಿದೆಯೇ, ಹಾಕುವ ಮತ್ತು ಬಿಚ್ಚುವ ಕೂಲಿ ಯಾರದು, ಬಟ್ಟೆ ಹತ್ತಿಯದೋ ಕೃತಕ ನೂಲಿನದೋ, ಮಳೆ ಬಂದರೆ ಟಾರ್ಪಾಲು ಹೊದಿಸುತ್ತಾರೆಯೇ, ಕಾರ್ಯ ಮುಗಿಯುವವರೆಗೆ ಅವರ ಕಡೆಯವನೊಬ್ಬ ಸ್ಥಳದಲ್ಲಿರುತ್ತಾನೆಯೇ ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿದರೆ ಮುಂದಿನ ಜಗಳಗಳಲ್ಲಿ ಮುಕ್ಕಾಲು ಪಾಲು ತಪ್ಪುತ್ತವೆ. ಕುರ್ಚಿ, ಪಾತ್ರೆಗಳನ್ನು ಇಳಿಸಿಕೊಳ್ಳುವಾಗಲೇ ಎಣಿಸಿ, ಮುರಿದದ್ದನ್ನು ಗುರುತು ಮಾಡಿಕೊಳ್ಳಬೇಕು; ಹಿಂದಿರುಗಿಸುವ ದಿನ ಎಣಿಸಲು ಮನೆಯಲ್ಲಿ ಯಾರಿಗೂ ತಾಳ್ಮೆಯಿರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲಾವಕಾಶ. ವೈಶಾಖದ ಒಳ್ಳೆಯ ಮುಹೂರ್ತಗಳಂದು ಒಂದೇ ತಂಡ ಒಂದು ಮದುವೆಯ ಚಪ್ಪರವನ್ನು ರಾತ್ರಿ ಬಿಚ್ಚಿ, ಲಾರಿಗೆ ತುಂಬಿ, ನಿದ್ದೆಯಿಲ್ಲದೆ ಮತ್ತೊಂದು ಊರಿಗೆ ಬಂದು, ಬೆಳಗಾಗುವುದರೊಳಗೆ ಇನ್ನೊಂದನ್ನು ನಿಲ್ಲಿಸುತ್ತದೆ. ಬ್ಯಾಟರಿಯ ಬೆಳಕಿನಲ್ಲಿ ಹೊಡೆದ ಗೂಟವನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಚಪ್ಪರಕ್ಕೆಂದೇ ಒಂದು ಪೂರ್ತಿ ದಿನವನ್ನು ಮೀಸಲಿಟ್ಟ ಹಿರಿಯರ ಶಾಸ್ತ್ರದಲ್ಲಿ ಇದಕ್ಕೆ ಪರಿಹಾರ ಆಗಲೇ ಇದೆ. ಬಾಡಿಗೆಯವರಿಗೆ ಹಿಂದಿನ ದಿನದ ಬಾಡಿಗೆಯನ್ನೂ ಕೊಟ್ಟು, ಹಗಲು ಬೆಳಕಿನಲ್ಲಿ ಕೆಲಸ ಮಾಡಿಸಿ, ಸಂಜೆ ಮನೆಯ ಹಿರಿಯರೊಬ್ಬರು ಪ್ರತಿ ಹಗ್ಗವನ್ನೂ ಮುಟ್ಟಿ ನೋಡುವುದು ಸಾಧ್ಯವಾಗುವಂತೆ ಏರ್ಪಾಡು ಮಾಡಿಕೊಳ್ಳಬೇಕು. ಈ ವರ್ಷ ಅಂಗಳದಲ್ಲಿ ಚಪ್ಪರ ಹಾಕಿಸುವ ಕೇಳುಗರಲ್ಲಿ ಒಂದು ವಿನಂತಿ: ಅಂದು ರಾತ್ರಿ ಚಪ್ಪರದ ಊಟಕ್ಕೆ ಎಲೆ ಹಾಕುವಾಗ, ಕಂಬ ನೆಟ್ಟ ಆ ಬಾಡಿಗೆಯ ತಂಡದವರಿಗೂ ಮೊದಲ ಪಂಕ್ತಿಯಲ್ಲಿಯೇ ಎಲೆ ಹಾಕಬೇಕು.